ಏನನ್ನೂ ಹೊರದ ಕಂಬ

ಮನುಷ್ಯ ಗುಹೆ ಬಿಟ್ಟು ಹೊರಗೆ ಬಂದಂದಿನಿಂದ ತೀರ್ಮಾನವಾಗದೆ ಉಳಿದಿರುವ, ಸಾಮ್ರಾಜ್ಯಗಳು ಬಂದು ಹೋದರೂ ಯಾರಿಂದಲೂ ಬಗೆಹರಿಯದ ಪ್ರಶ್ನೆಯೊಂದಿದೆ: ಕಿಟಕಿಯ ತಲೆ ಗುಂಡಗಿರಬೇಕೋ, ಚಪ್ಪಟೆಯಾಗಿರಬೇಕೋ? ಆ ಪ್ರಶ್ನೆ ಅಲ್ಲಿ ಇಲ್ಲಿ ಅಲೆದು ಕೊನೆಗೆ ಬಂದು ಕೂತದ್ದು ದೊಡ್ಡಪ್ಪ ದೊಡ್ಡಮ್ಮನ ಊಟದ ಮೇಜಿನ ಮೇಲೆ, ಉಪ್ಪಿನ ಡಬ್ಬಿಯ ಪಕ್ಕದಲ್ಲಿ. ಬಗೆಹರಿಸುವ ಹೊಣೆ ಬಿದ್ದದ್ದು ಮರಿಯ ತಲೆಗೆ.

ಮರಿ ಎಂದರೆ ದೊಡ್ಡಪ್ಪನ ತಮ್ಮನ ಮಗಳು. ಮೂವತ್ತು ದಾಟಿದರೂ ಮನೆಯವರ ಬಾಯಲ್ಲಿ ಮರಿಯೇ. ಆರ್ಕಿಟೆಕ್ಟ್ ಆಗಿ ದೊಡ್ಡ ಆಫೀಸೊಂದರಲ್ಲಿ ವರ್ಷಗಟ್ಟಲೆ ದುಡಿದಿದ್ದಳು. ಕೆಲಸವೆಲ್ಲ ನೆಲಮಾಳಿಗೆಯ ಪಾರ್ಕಿಂಗ್ ಗೆರೆ ಎಳೆಯುವುದು. ಲೆಕ್ಕವಿಲ್ಲದಷ್ಟು ಕಾರುಗಳಿಗೆ ನಿಲ್ಲಲು ಜಾಗ ಮಾಡಿಕೊಟ್ಟವಳು ಒಬ್ಬ ಮನುಷ್ಯನಿಗೂ ಕೂರಲು ಜಾಗ ಮಾಡಿಕೊಟ್ಟಿರಲಿಲ್ಲ. ದೊಡ್ಡಪ್ಪ ಮನೆ ಕಟ್ಟಿಸುತ್ತಾರೆ ಎಂದು ಕಿವಿಗೆ ಬಿದ್ದದ್ದೇ ತಡ, ರಾಜೀನಾಮೆ ಕೊಟ್ಟು ಬಂದಳು. ಬಾಸು ಬೇಸರ ಮಾಡಿಕೊಳ್ಳಲಿಲ್ಲ. "ಹೋಗಿ ಬನ್ನಿ, ನಿಮ್ಮ ಕುರ್ಚಿ ಸದ್ಯಕ್ಕೆ ಇಲ್ಲೇ ಇರುತ್ತೆ" ಎಂದರು. ಆ "ಸದ್ಯಕ್ಕೆ" ಅನ್ನುವುದು ಚಪ್ಪಲಿಯೊಳಗಿನ ಕಲ್ಲಿನಂತೆ ಅಂದಿನಿಂದ ಅವಳನ್ನು ಚುಚ್ಚುತ್ತಿತ್ತು.

ದೊಡ್ಡಪ್ಪ ನಿವೃತ್ತ ಗಣಿತದ ಮೇಷ್ಟ್ರು. ಅವರಿಗೆ ಗೆರೆ ಎಂದರೆ ನೆಟ್ಟಗಿರಬೇಕು, ಮೂಲೆ ಎಂದರೆ ಮೂಲೆಯ ಹಾಗಿರಬೇಕು. ದೊಡ್ಡಮ್ಮ ಲೈಬ್ರರಿಯೊಂದನ್ನು ನೋಡಿಕೊಂಡಿದ್ದವರು. ಆ ಹಳೆಯ ಕಟ್ಟಡದ ಕಮಾನು ಕಿಟಕಿಗಳ ಕೆಳಗೆ ಅರ್ಧ ಆಯುಷ್ಯ ಕಳೆದ ಮೇಲೆ ಚೌಕ ಕಿಟಕಿ ಕಂಡರೆ ಅವರಿಗೆ ಟಿಕೆಟ್ ಕೌಂಟರಿನ ನೆನಪಾಗುತ್ತಿತ್ತು.

"ಕಮಾನು ಅಂದ್ರೆ ಏನೇ? ನೆಟ್ಟಗೆ ಕಟ್ಟೋಕೆ ಬರದೋರು ಮಾಡಿದ ನೆಪ" ಎಂದು ದೊಡ್ಡಪ್ಪ.

"ನೆಟ್ಟಗಿರೋರ ಜೊತೆ ಇಷ್ಟು ವರ್ಷ ಬಾಳ್ವೆ ಮಾಡಿದ್ದೀನಲ್ಲ, ಕಿಟಕಿಯಾದ್ರೂ ಸ್ವಲ್ಪ ಬಗ್ಗಿರಲಿ" ಎಂದು ದೊಡ್ಡಮ್ಮ.

ಮರಿ ಇಬ್ಬರ ಮಾತನ್ನೂ ಕೇಳಿಸಿಕೊಂಡಳು. ಹೊರಗೋಡೆ ದೊಡ್ಡಪ್ಪನಿಗೆ: ಅಡ್ಡಗೆರೆ, ಚಪ್ಪಟೆ ತಾರಸಿ, ಬಿಸಿಲಿಗೆ ಅಗಲವಾದ ಸಜ್ಜಾ. ಒಳಗೋಡೆ ದೊಡ್ಡಮ್ಮನಿಗೆ: ಕೋಣೆಯಿಂದ ಕೋಣೆಗೆ ಇಟ್ಟಿಗೆಯ ಕಮಾನು, ದಪ್ಪ ಗೋಡೆಯಲ್ಲೇ ಕೂತು ಓದುವಷ್ಟು ಆಳದ ಕಿಟಕಿಕಟ್ಟೆ. ತನಗೆಂದು ಅವಳು ಇಟ್ಟುಕೊಂಡದ್ದು ಒಂದೇ, ಮುಂಬಾಗಿಲ ಮೇಲಿನ ಬಾಲ್ಕನಿ. ಕೆಳಗೆ ಯಾವ ಆಸರೆಯೂ ಇಲ್ಲದೆ ಗಾಳಿಯಲ್ಲಿ ಚಾಚಿಕೊಂಡು ನಿಲ್ಲುವಂಥದ್ದು. ಏನನ್ನೂ ಹೊರದ ಕಂಬ ಸುಳ್ಳು ಹೇಳುವ ಕಂಬ ಎಂಬುದು ಅವಳ ನಂಬಿಕೆ. ಹಾಗಾಗಿ ಇಡೀ ಮನೆಯ ಮುಂಭಾಗದಲ್ಲಿ ಒಂದೂ ಕಂಬವಿರಲಿಲ್ಲ.

ಆದರೆ ನಕ್ಷೆ ಎಂಬುದು ಈ ಮನೆಯಲ್ಲಿ ಉಳಿಯುವ ವಸ್ತುವಾಗಿರಲಿಲ್ಲ. ದೊಡ್ಡಪ್ಪ ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದರು, ದೊಡ್ಡಮ್ಮ ಪೆನ್ಸಿಲಿನಲ್ಲಿ ಆ ತಿದ್ದುಪಡಿಯನ್ನು ತಿದ್ದುತ್ತಿದ್ದರು, ಮೇಸ್ತ್ರಿ ಯಾವುದನ್ನು ನೋಡಬೇಕು ತಿಳಿಯದೆ ಬೀಡಿ ಹಚ್ಚುತ್ತಿದ್ದ. ಸಾಕಾಗಿಹೋಗಿ ಮರಿ ರಟ್ಟಿನಲ್ಲಿ ಪುಟ್ಟ ಮನೆಯೊಂದನ್ನು ಕತ್ತರಿಸಿ ಅಂಟಿಸಿದಳು. ಬಾಗಿಲು, ಕಮಾನು, ಬಾಲ್ಕನಿ ಎಲ್ಲ ಅಳತೆಗೆ ಸರಿಯಾಗಿ. ಎಲ್ಲರನ್ನೂ ಕೂರಿಸಿಕೊಂಡು ಆಜ್ಞೆ ಹೊರಡಿಸಿದಳು: "ಇನ್ನು ಕಾಗದದ ಮಾತು ಬೇಡ. ಈ ಮಾದರಿಯಲ್ಲಿ ಏನಿದೆಯೋ ಅದೇ ಮನೆ. ಇದ್ದದ್ದು ಇರುತ್ತೆ, ಇಲ್ಲದ್ದು ಇಲ್ಲ. ಮೇಸ್ತ್ರಿ, ಕೇಳಿಸ್ತಾ?"

"ಕೇಳಿಸ್ತು ಮೇಡಂ. ಇದ್ದದ್ದು ಇರುತ್ತೆ."

ಮಾದರಿ ಸ್ವಲ್ಪ ದಿನ ದೊಡ್ಡಪ್ಪನ ಮೇಜಿನ ಮೇಲಿತ್ತು, ಆಮೇಲೆ ಕೆಲಸದ ಜಾಗದ ಶೆಡ್ಡಿಗೆ ಹೋಯಿತು. ಮನೆಯೂ ಮೇಲೇಳತೊಡಗಿತು. ಹೊರಗಿನ ಗೆರೆ, ಒಳಗಿನ ಕಮಾನು ಎರಡೂ ಹೊಸ ಬೀಗರಂತೆ ಪರಸ್ಪರ ಬಹಳ ಮರ್ಯಾದೆಯಿಂದ ನಡೆದುಕೊಂಡವು. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಹಾಗೆ ನಿಂತವರಲ್ಲಿ ಒಬ್ಬರು ಹಲ್ಲಿನ ಡಾಕ್ಟರು. ಕೆಳಗೆ ಕ್ಲಿನಿಕ್ಕು, ಮೇಲೆ ಮನೆ ಕಟ್ಟಿಸಬೇಕೆಂದಿದ್ದ ಆಕೆ ಮರಿಗೆ ಫೋನು ಮಾಡಿ, "ಮನೆ ಮುಗಿದ ಮೇಲೆ ಒಳಗೆ ಬಂದು ನೋಡ್ತೀನಿ. ಇಷ್ಟ ಆದ್ರೆ ನಮ್ಮದೂ ನಿಮಗೇ" ಎಂದರು. ಇದು ಕೈಗೆ ಬಂದರೆ ಮರಿ ತನ್ನ ಕಾಲ ಮೇಲೆ ನಿಂತಂತೆ. ಬರದಿದ್ದರೆ ಮತ್ತೆ ಆ ಕುರ್ಚಿ, ಆ ನೆಲಮಾಳಿಗೆ. ಬೇರೆ ಯಾರೂ ಅವಳನ್ನು ಕೇಳಿಕೊಂಡು ಬಂದಿರಲಿಲ್ಲ.

ಕಾಲ ಮೇಲೆ ನಿಲ್ಲುವ ಈ ಹೊತ್ತಿನಲ್ಲೇ ಅವಳು ತನ್ನ ಮನೆಯ ಮೆಟ್ಟಿಲಲ್ಲಿ ಜಾರಿ ಕಾಲು ಉಳುಕಿಸಿಕೊಂಡಳು. ಕೆಲವು ವಾರ ಹಾಸಿಗೆ. ಫೋನಿನಲ್ಲಿ ವಿಚಾರಿಸಿದಾಗಲೆಲ್ಲ ಮೇಸ್ತ್ರಿಯದು ಒಂದೇ ಉತ್ತರ: "ಎಲ್ಲ ಮಾದರಿ ಥರಾನೇ ಮೇಡಂ, ಒಂದು ಕೂದಲೆಳೆ ಆಚೀಚೆ ಇಲ್ಲ."

ಡಾಕ್ಟರು ಬರುವ ಹಿಂದಿನ ದಿನ ಮರಿ ಆಟೋದಲ್ಲಿ ಹೊಸ ಮನೆಗೆ ಹೋಗಿ ಕೋಲೂರಿಕೊಂಡು ಇಳಿದಳು, ತಲೆಯೆತ್ತಿದಳು, ಅಲ್ಲೇ ನಿಂತುಬಿಟ್ಟಳು.

ಅವಳ ಬಾಲ್ಕನಿಯ ಕೆಳಗೆ ಒಂದು ಕಂಬ ನಿಂತಿತ್ತು. ದುಂಡಗೆ, ಬೆಳ್ಳಗೆ, ಒಂಟಿಯಾಗಿ. ಬುಡಕ್ಕಿಂತ ತಲೆ ದಪ್ಪ. ಬುಡದ ಸುತ್ತ ಅಂಕುಡೊಂಕಾದ ಒಂದು ಉಬ್ಬು, ಬಿಸಿಲಿಗೆ ಕರಗಿದ ಮೇಣದ ಹಾಗೆ.

"ಏನಿದು ಮೇಸ್ತ್ರಿ?"

"ಕಂಬ ಮೇಡಂ."

"ಕಂಬ ಅಂತ ಗೊತ್ತು! ಎಲ್ಲಿಂದ ಬಂತು?"

ಮೇಸ್ತ್ರಿಗೆ ಅವಮಾನವಾಯಿತು. ಶೆಡ್ಡಿಗೆ ಹೋಗಿ ಪ್ಲಾಸ್ಟಿಕ್ಕು ಸುತ್ತಿಟ್ಟಿದ್ದ ಮಾದರಿಯನ್ನು ಹೊತ್ತು ತಂದು ಇಟ್ಟಿಗೆಯ ರಾಶಿಯ ಮೇಲಿಟ್ಟ. "ನೋಡಿ ನೀವೇ. ಇದ್ದದ್ದು ಇರುತ್ತೆ ಅಂದ್ರಿ. ಈ ಬುಡದ ಉಬ್ಬು ಹದಕ್ಕೆ ಬರೋಕೆ ಎರಡು ಸಲ ಒಡೆದು ಕಟ್ಟಿದೀನಿ. ಬೇರೆ ಮೇಸ್ತ್ರಿ ಆಗಿದ್ರೆ ಹಾಗೇ ಸವರಿ ಬಿಡ್ತಿದ್ದ."

ರಟ್ಟಿನ ಬಾಲ್ಕನಿಯ ಕೆಳಗೆ, ಅಳತೆ ತೆಗೆದು ಮಾಡಿಸಿದ ಹಾಗೆ, ಒಂದು ಚಾಕ್‌ಪೀಸ್ ನಿಂತಿತ್ತು. ದಪ್ಪ ತುದಿ ಮೇಲೆ, ಸಣ್ಣ ತುದಿ ಕೆಳಗೆ. ಸುತ್ತ ಗೋಂದು ಸುರಿದು ಒಣಗಿ ಗಡ್ಡೆಗಟ್ಟಿತ್ತು.

ಇಡೀ ಬಳಗದಲ್ಲಿ ನಿವೃತ್ತಿಯ ಮೇಲೂ ಜೇಬಿನಲ್ಲಿ ಚಾಕ್‌ಪೀಸ್ ಇಟ್ಟುಕೊಂಡು ಓಡಾಡುವವರು ಒಬ್ಬರೇ. ಅಷ್ಟರಲ್ಲಿ ಆ ಒಬ್ಬರೇ ದೊಡ್ಡಮ್ಮನ ಜೊತೆ ಗೇಟು ತೆರೆದು ಒಳಗೆ ಬಂದರು.

"ದೊಡ್ಡಪ್ಪಾ, ಇದನ್ನ ಇಲ್ಲಿಟ್ಟಿದ್ದು ನೀವಾ?"

ದೊಡ್ಡಪ್ಪ ಕನ್ನಡಕ ಏರಿಸಿ ಬಗ್ಗಿದರು. "ಓ, ಇದಾ? ಒಂದಿನ ಕಾಫಿ ಲೋಟ ಇಟ್ಟೆ ನೋಡು, ನಿನ್ನ ಬಾಲ್ಕನಿ ಬಗ್ಗಿಬಿಡ್ತು. ಗೋಂದು ಹಾಕಿ, ಒಣಗೋವರೆಗೂ ಇರಲಿ ಅಂತ ಆಸರೆಗೆ ಒಂದು ಚಾಕ್‌ಪೀಸ್..." ಅವರು ಚಾಕ್‌ಪೀಸ್ ನೋಡಿದರು. ಕಂಬ ನೋಡಿದರು. ಮತ್ತೆ ಚಾಕ್‌ಪೀಸ್ ನೋಡಿದರು. "ಅಯ್ಯೋ. ನೀನು ಮಾಡಿದ್ದು ಅಂದ್ಕೊಂಡಿದ್ದೆನಲ್ಲೇ ಮರಿ! ಹೆಂಗೂ ಓದಿಕೊಂಡವಳು, ಏನೋ ಕಾರಣ ಇರುತ್ತೆ ಅಂತ ಬಾಯಿ ಮುಚ್ಚಿಕೊಂಡಿದ್ದೆ."

ದೊಡ್ಡಮ್ಮ ಸಿಮೆಂಟು ಚೀಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. "ನಾನು ಪುಸ್ತಕ ತೆಗೆದು ನೋಡಿದೆ ಕಣೇ! ಸಾವಿರಾರು ವರ್ಷದ ಹಿಂದೆ ಯಾವುದೋ ದ್ವೀಪದ ಅರಮನೆಯಲ್ಲಿ ಹೀಗೇ ತಲೆ ದಪ್ಪದ ಕಂಬ ಇತ್ತಂತೆ. ಚಿತ್ರ ಇದೆ. ಭಲೇ, ನಮ್ಮ ಹುಡುಗಿ ಎಲ್ಲಿಂದೆಲ್ಲಿಗೆ ಹೋಗಿದ್ದಾಳೆ ಅಂತ ಹೆಮ್ಮೆ ಪಟ್ಟೆ. ನೋಡಿದ್ರೆ ಇವರ ಜೇಬಿಗೆ ಹೋಗಿದ್ದಾಳೆ."

ಮರಿಗೆ ನಗು ಬರಲಿಲ್ಲ. "ಮೇಸ್ತ್ರಿ, ಇವತ್ತೇ ಒಡೀರಿ. ನಾಳೆ ಡಾಕ್ಟರ್ ಬರ್ತಾರೆ."

"ಒಡೆಯೋದಾ?" ಎಂದರು ದೊಡ್ಡಪ್ಪ.

"ಒಡೆಯೋದಾ?" ಎಂದರು ದೊಡ್ಡಮ್ಮ, ಅದೇ ಉಸಿರಿನಲ್ಲಿ.

ಇಬ್ಬರೂ ಒಬ್ಬರನ್ನೊಬ್ಬರು ಗಾಬರಿಯಿಂದ ನೋಡಿಕೊಂಡರು. ಅವರ ಬಾಯಿಂದ ಒಂದೇ ಮಾತು ಒಟ್ಟಿಗೆ ಬಂದದ್ದನ್ನು ಹಿಂದೆ ಯಾರೂ ಕೇಳಿರಲಿಲ್ಲ.

"ನಾನು ಶೂ ಹಾಕ್ಕೊಳ್ಳೋವಾಗ ಒಂದು ಕೈ ಅದಕ್ಕೆ ಕೊಟ್ಟು ನಿಲ್ತೀನಿ. ನೆಟ್ಟಗಿದೆ."

"ದುಂಡಗಿದೆ. ಸಂಜೆ ಅದಕ್ಕೆ ಒರಗಿಕೊಂಡು ಕೂತು ಓದ್ತೀನಿ, ಬೆನ್ನಿಗೆ ಒತ್ತಲ್ಲ."

"ಅದು ಏನನ್ನೂ ಹೊತ್ತಿಲ್ಲ ದೊಡ್ಡಮ್ಮ! ಬರೀ ಸುಳ್ಳು!"

"ನಮ್ಮಿಬ್ಬರನ್ನ ಹೊತ್ತಿದೆಯಲ್ಲೇ. ಇನ್ನೆಷ್ಟು ಹೊರಬೇಕು?"

ಮೇಸ್ತ್ರಿ ಅಷ್ಟು ಹೊತ್ತಿಗೆ ಸುತ್ತಿಗೆಯನ್ನು ಎಲ್ಲೋ ಇಟ್ಟು ಮರೆತಿದ್ದ. ಹುಡುಕಿದರೂ ಸಿಗಲಿಲ್ಲ, ಅವನು ಹುಡುಕಿದ್ದೂ ಅಷ್ಟಕ್ಕಷ್ಟೇ.

ಮಾರನೆಯ ದಿನ ಡಾಕ್ಟರು ಬಂದರು. ಕಮಾನುಗಳ ಕೆಳಗೆ ತಲೆಯೆತ್ತಿಕೊಂಡು ಓಡಾಡಿದರು, ಕಿಟಕಿಕಟ್ಟೆಯಲ್ಲಿ ಕೂತು ನೋಡಿದರು, ಸಜ್ಜಾದ ನೆರಳಿಗೆ ತಲೆದೂಗಿದರು. ಮರಿಗೆ ಜೀವ ಬಂತು. ಹೊರಡುವಾಗ ಡಾಕ್ಟರು ಕಂಬದ ಮುಂದೆ ನಿಂತರು.

"ಇದು ಮಾತ್ರ ಏನೋ ವಿಶೇಷ. ಯಾವ ಶೈಲಿ?"

ದೊಡ್ಡಮ್ಮ ಗಂಟಲು ಸರಿಮಾಡಿಕೊಂಡರು. "ಒಂದಾನೊಂದು ದ್ವೀಪದ ಅರಮನೆ..."

ಹೂಂ ಎಂದು ಸುಮ್ಮನಿದ್ದರೆ ಸಾಕಿತ್ತು. ಸಾವಿರಾರು ವರ್ಷದ ಘನತೆ ಪುಕ್ಕಟೆ ಸಿಗುತ್ತಿತ್ತು. ಮರಿ ಹೂಂ ಎನ್ನಲು ಬಾಯಿ ತೆರೆದಳು. ಆದರೆ ಸುಳ್ಳು ಕಂಬಕ್ಕೆ ಸುಳ್ಳು ವಂಶವೃಕ್ಷವನ್ನೂ ಕೊಡುವುದು ಅವಳಿಂದ ಆಗಲಿಲ್ಲ.

"ಚಾಕ್‌ಪೀಸ್ ಮೇಡಂ" ಎಂದಳು. ಲೋಟ, ಗೋಂದು, ತನ್ನ ಆಜ್ಞೆ, ಉಳುಕಿದ ಕಾಲು ಎಲ್ಲವನ್ನೂ ಹೇಳಿದಳು. "ತಪ್ಪು ನಂದೇ. ಒಡೆಸೋಕೆ ಹೊರಟಿದ್ದೆ, ಇವರಿಬ್ಬರೂ ಬಿಡಲಿಲ್ಲ."

ಡಾಕ್ಟರು ಕಂಬವನ್ನು ಬೆರಳ ಗೆಣ್ಣಿನಿಂದ ಟಕಟಕ ತಟ್ಟಿದರು. ಎರಡೂ ಕೈಯಿಂದ ಹಿಡಿದು ಅಲ್ಲಾಡಿಸಿ ನೋಡಿದರು.

"ಗಟ್ಟಿ ಇದೆ. ನೋವಿಲ್ಲ, ಹುಳುಕಿಲ್ಲ. ಇಂಥದ್ದನ್ನ ನಾನೂ ಕೀಳಲ್ಲ" ಎಂದರು. "ಹೋದ ತಿಂಗಳು ಇನ್ನೊಬ್ಬ ಆರ್ಕಿಟೆಕ್ಟ್ ಹತ್ತಿರ ಹೋಗಿದ್ದೆ. ಬಾಗಿಲ ಹಿಡಿ ಯಾಕೆ ಇಷ್ಟು ಎತ್ತರ ಅಂದ್ರೆ ಅರ್ಧ ಗಂಟೆ ಪಾಠ ಮಾಡಿದ್ರು. ಮನೆಯಲ್ಲಿರೋರು ಬೇಕು ಅಂದ್ರೆ ಬಿಟ್ಟುಕೊಡ್ತೀರಲ್ಲ ನೀವು, ಅಷ್ಟು ಸಾಕು. ಒಂದೇ ಮಾತು: ರಟ್ಟಿನ ಮನೆ ಮಾಡಿದ್ರೆ ನಿಮ್ಮ ಹತ್ತಿರವೇ ಇಟ್ಕೊಳ್ಳಿ. ನಮ್ಮ ಯಜಮಾನರ ಕೈ ಸುಮ್ಮನಿರಲ್ಲ, ಮನೆ ತುಂಬ ಪೇಸ್ಟಿನ ಮುಚ್ಚಳ ಬಿದ್ದಿರುತ್ತೆ."

ದೊಡ್ಡಪ್ಪ ಜೇಬಿನಿಂದ ಕೈ ತೆಗೆದು, ಬೆರಳಿಗಂಟಿದ್ದ ಬಿಳಿ ಪುಡಿಯನ್ನು ಪಂಚೆಗೆ ಒರೆಸಿಕೊಂಡರು.

ಕ್ಲಿನಿಕ್ಕಿನ ಕೆಲಸ ಮುಂದಿನ ತಿಂಗಳು ಶುರುವಾಯಿತು. ಹಳೆಯ ಆಫೀಸಿನಲ್ಲಿ ಮರಿಯ ಕುರ್ಚಿಯನ್ನು ಬೇರೆಯವರಿಗೆ ಕೊಟ್ಟರು.