ಬೆಳಕಿಂಡಿ ಮರಳಿ ತೆರೆದ ಮನೆ

ಗೋಗಿಯ ಬಸವಂತ್ರಾಯನು ತನ್ನ ಮನೆಗೆ ಸಿಮೆಂಟಿನ ಸ್ಲ್ಯಾಬು ಹಾಕಿಸಿದ್ದು ಕಾಲುವೆಯ ನೀರು ಹೊಲಕ್ಕೆ ಹರಿದ ನಾಲ್ಕನೆಯ ವರ್ಷದಲ್ಲಿ. ಜೋಳದ ಹೊಲ ಅಷ್ಟರಲ್ಲಿ ಭತ್ತದ ಗದ್ದೆಯಾಗಿತ್ತು. ಕೈ ಸ್ವಲ್ಪ ಸಡಿಲವಾಗಿತ್ತು. ತಂದೆಯ ಕಾಲದ ಮಣ್ಣಿನ ಮಾಳಿಗೆಯನ್ನು ಕೆಡವುವಾಗ ಅವನ ಹೆಂಡತಿ ಸುಂದ್ರಮ್ಮ ಕೇಳಿಕೊಂಡದ್ದು ಒಂದೇ ಮಾತು: ಪಡಸಾಲೆಯ ನೆತ್ತಿಯಲ್ಲಿ ಬೆಳಕಿಂಡಿಯೊಂದು ಇರಲಿ. ಮೇಸ್ತ್ರಿ ಕಿಂಡಿಗೆ ಜಾಗ ಬಿಟ್ಟು ಕಟ್ಟಿದ. ಎರಡು ಮಳೆಗಾಲ ಕಳೆಯುವುದರೊಳಗೆ ಬಸವಂತ್ರಾಯ ಅದರ ಮೇಲೆ ಫರಸಿ ಕಲ್ಲನ್ನು ಹೊದಿಸಿ ಸಿಮೆಂಟು ಮೆತ್ತಿಬಿಟ್ಟ. ಭೀಮರಾಯನಗುಡಿಯಲ್ಲಿ ಕಾಲುವೆ ಇಂಜಿನಿಯರರ ಕ್ವಾರ್ಟರ್ಸುಗಳಿಗೆ ಬೆಳಕಿಂಡಿ ಇರಲಿಲ್ಲವಲ್ಲ, ತನಗೇಕೆ ಎಂಬುದು ಅವನ ವಾದ. ಕಾಲುವೆ ಬಂದ ಊರುಗಳಲ್ಲಿ ಹೀಗೆ ನೆತ್ತಿ ಮುಚ್ಚಿಕೊಂಡ ಮನೆಗಳಿಗೆ ಲೆಕ್ಕವಿಲ್ಲ.

ಇಪ್ಪತ್ತೈದು ವರ್ಷಗಳ ಮೇಲೆ ಆ ಸ್ಲ್ಯಾಬಿನ ಕೆಳಗೆ ಮಗಳು ಮೌನಮ್ಮ ಚೊಚ್ಚಲ ಹೆರಿಗೆಗೆಂದು ಬಂದಳು. ತುಂಬಿದ ಎಂಟು ತಿಂಗಳು; ಹೊರಗೆ ಏಪ್ರಿಲ್ ತಿಂಗಳ ಬಿಸಿಲು. ಅವಳ ಅತ್ತೆ ಪಾರ್ವತೆಮ್ಮ ಶಹಾಪುರದಿಂದ ಒಂದು ಮಧ್ಯಾಹ್ನ ಸೊಸೆಯನ್ನು ನೋಡಲು ಬಂದವಳು, ಪಡಸಾಲೆಯಲ್ಲಿ ಕಾಲುಗಂಟೆ ಕುಳಿತು, ಸೆರಗಿನಿಂದ ಮೂರು ಸಲ ಮುಖ ಒರೆಸಿಕೊಂಡಳು.

"ಬಾಣಂತಿಗಿ ಕೆಂಡದ ಶೇಗಡಿ ಬ್ಯಾರೆ ಬೇಕೇನ್ರಿ ಬೀಗ್ತಿ? ನಿಮ್ಮ ಸ್ಲ್ಯಾಬೇ ಶೇಗಡಿ ಆಗ್ಯಾದಲ್ಲ! ಮ್ಯಾಲ ರೊಟ್ಟಿ ಬಡದು ಹಾಕಿದ್ರ ಸುಟ್ಟು ಬರ್ತದ."

ಸುಂದ್ರಮ್ಮ ನಗಲು ಯತ್ನಿಸಿದಳು. ಪಾರ್ವತೆಮ್ಮ ನಗಲಿಲ್ಲ.

"ಚೇಷ್ಟಿ ಅಲ್ರಿ. ಅಮಾಸಿ ಕಳೆದ ಮೂರನೇ ದಿನ ಮತ್ತ ಬರ್ತೀನಿ. ಅವತ್ತೂ ಹಿಂಗೇ ಇತ್ತಂದ್ರ ಹುಡುಗಿನ ಕರಕೊಂಡು ಹೋಗ್ತೀನಿ. ಬಾಣಂತನ ನಮ್ಮಲ್ಲೇ ಆಗಲಿ."

ಚೊಚ್ಚಲ ಬಾಣಂತನ ತವರಿನದು. ಅದು ಕೈತಪ್ಪಿದ ತಾಯಿಗೆ ಓಣಿಯಲ್ಲಿ ತಲೆಯೆತ್ತಿ ನಡೆಯುವುದು ಕಷ್ಟ. ಆದರೆ ಸುಂದ್ರಮ್ಮನ ಸಂಕಟ ಓಣಿಯದಲ್ಲ. ತಾನು ಎರೆದು ಬೆಳೆಸಿದ ಮೈಗೆ ಈ ಒಂದು ಸಲ ಬೇರೆಯವರ ಕೈ ಎಣ್ಣೆ ಹಚ್ಚುವುದನ್ನು ಅವಳು ನೆನೆಯಲಾರಳಾಗಿದ್ದಳು.

ಬಸವಂತ್ರಾಯ ಮರುದಿನವೇ ಶಹಾಪುರಕ್ಕೆ ಹೋಗಿ, ಆಟೋದ ಮೇಲೆ ಕೂಲರ್ ಕಟ್ಟಿಸಿಕೊಂಡು ಬಂದ. ತಂಪು ಹೊರಗೆ ಸೋರದಿರಲೆಂದು ಕಿಟಕಿ, ಬಾಗಿಲುಗಳನ್ನೆಲ್ಲ ಭದ್ರವಾಗಿ ಮುಚ್ಚಿ ಅದನ್ನು ಹಚ್ಚಿದ. ಒಂದು ತಾಸಿನಲ್ಲಿ ಗೋಡೆಗಳೂ ಬೆವರಿದವು.

"ಅಪ್ಪಾ, ಇದು ತಂಪಲ್ಲ. ನನ್ನ ಕಡಬು ಮಾಡಿ ಬೇಯ್ಸಾಕತ್ತೀದಿ," ಎಂದು ಮೌನಮ್ಮ ಎದ್ದು ಹೊರಗೆ ಬಂದಳು.

ಮೂರನೆಯ ದಿನ ಓಣಿಗೆ ಕರೆಂಟು ಕೊಡುವ ಟ್ರಾನ್ಸ್‌ಫಾರ್ಮರು, ಊರಿನವರ ಬಾಯಲ್ಲಿ ಟಿಸಿ, ಸುಟ್ಟುಹೋಯಿತು. ಮನೆಗೊಂದರಂತೆ ತಿರುಗುತ್ತಿದ್ದ ಕೂಲರುಗಳ ಭಾರವನ್ನು ಅದು ಅದುವರೆಗೆ ಹೇಗೋ ಹೊತ್ತಿತ್ತು. ಎಲ್ಲರ ತಪ್ಪನ್ನೂ ಕೊನೆಗೆ ಬಂದವನ ತಲೆಗೆ ಕಟ್ಟುವುದು ಲೋಕದ ರೂಢಿ. "ಬಸವಂತ್ರಾಯನ ಕೂಲರ್ ಟಿಸಿನೇ ನುಂಗ್ತು ನೋಡ್ರಿ," ಎಂದು ಚಹಾದಂಗಡಿಯ ಕಟ್ಟೆ ನಕ್ಕಿತು. ಹೊಸ ಟಿಸಿ ಬಂದರೂ ಹಗಲು ಎರಡು ತಾಸು ಕರೆಂಟು ತೆಗೆಯುವುದು ಖಾಯಮ್ಮಾಯಿತು.

ಸುಂದ್ರಮ್ಮ ನಗಲಿಲ್ಲ, ಅಳಲೂ ಇಲ್ಲ, ಯೋಚಿಸಿದಳು. ಈ ಬೇಸಿಗೆಯಲ್ಲಿ ಪ್ರತಿ ಮನೆಯೂ ಕರೆಂಟಿನ ಬಳಕೆಯನ್ನು ಕಾಲುಭಾಗ ತಗ್ಗಿಸಬೇಕೆಂದು ಗ್ರಾಮಸಭೆಯಲ್ಲಿ ಠರಾವಾದಾಗ ಕೈಯೆತ್ತಿದವರಲ್ಲಿ ಅವಳೂ ಒಬ್ಬಳು. ಉಳಿದವರು ಕೈ ಇಳಿಸಿದೊಡನೆ ಅದನ್ನು ಮರೆತರು. ಇವಳು ಮನೆಗೆ ಬಂದು ಬಲ್ಬುಗಳನ್ನು ಬದಲಿಸಿದ್ದಳು. ಈಗ ಅವಳ ಲಕ್ಷ್ಯ ಬಲ್ಬಿನಿಂದ ಮೇಲಕ್ಕೆ, ಸ್ಲ್ಯಾಬಿಗೆ ಹೋಯಿತು. ಶಾಖ ಹುಟ್ಟುವ ಜಾಗವನ್ನು ಬಿಟ್ಟು ಅದು ಇಳಿದು ಬಂದ ಜಾಗದಲ್ಲಿ ಗಾಳಿ ಬೀಸುವುದು ಯಾವ ಜಾಣತನ?

ಶಹಾಪುರದ ನಸೀರುದ್ದೀನ ಚಾಚಾ ಮುಪ್ಪಿನಲ್ಲೂ ಸುಣ್ಣದ ವ್ಯಾಪಾರ ಬಿಟ್ಟಿರಲಿಲ್ಲ. ಗಿರಾಕಿಗಳು ಅವನನ್ನು ಬಿಟ್ಟಿದ್ದರು. ಅವಳ ಕರೆಗೆ ಎರಡು ಚೀಲ ಹೇರಿಕೊಂಡು ಬಂದ.

"ಗ್ವಾಡಿಗೇ ಚೂನಾ ಕೇಳೋರಿಲ್ಲ ಅಕ್ಕಾ. ನೀವು ಮಾಳಿಗಿ ಮ್ಯಾಲ ಅಂತೀರಿ. ಹೆಲಿಕಾಪ್ಟರ್ ಇಳಸ್ತೀರೇನು?"

"ಇಳಸೂದಲ್ಲ ಚಾಚಾ, ಬಿಸಲನ್ನ ಸೂರ್ಯಾಗ ವಾಪಸ್ ಕಳಸೂದದ. ನೀವು ಸುಣ್ಣ ಕಲಸ್ರಿ."

ಮುದುಕನ ಕಣ್ಣು ಅರಳಿತು. ಸುಣ್ಣವನ್ನು ರಾತ್ರಿಯೆಲ್ಲ ನೀರಲ್ಲಿ ನೆನೆಯಿಟ್ಟು, ಬಟ್ಟೆಯಲ್ಲಿ ಸೋಸಿ, ಕೈಗೆ ಮೆತ್ತದಿರಲೆಂದು ಜಾಲಿಯ ಗೋಂದು ಬೆರೆಸಿದ. ಬಿಸಿಲು ಇಳಿದ ಮೇಲೆ ಮೂರು ಸಂಜೆ ಮೂರು ಕೈ ಬಳಿದರು. ಕುಂಚ ಹಿಡಿದವಳು ಸುಂದ್ರಮ್ಮ. ಮೂಲೆಯೊಂದು ತೆಳುವಾದರೆ ಗದರಿದವನು ಚಾಚಾ. ಐವತ್ತೈದು ದಾಟಿದ ಆ ಹೆಂಗಸು ಸೆರಗು ಕಟ್ಟಿ, ಕಾದ ಸಿಮೆಂಟಿನ ಮೇಲೆ ಮಂಡಿಯೂರಿ, ಅಂಗುಲ ಅಂಗುಲವಾಗಿ ಮಾಳಿಗೆಯನ್ನು ಬೆಳ್ಳಗಾಗಿಸಿದ ಬಗೆಯನ್ನು ಕಂಡವರು ಕೆಲಸವೆಂಬುದರ ಘನತೆಯನ್ನೇ ಕಂಡಂತೆ.

"ಮಂದಿ ನಗ್ತಾರ," ಎಂದ ಬಸವಂತ್ರಾಯ.

"ನಗಲಿ ಬಿಡ್ರಿ. ನಕ್ಕವರ ಮನಿ ತಂಪಾಗಂಗಿಲ್ಲ."

ಹಗಲು ಪಡುವಣ ಕಿಟಕಿಗೆ ಒದ್ದೆ ಗೋಣಿಚೀಲ. ಹೊತ್ತು ಮುಳುಗಿದ ಮೇಲೆ ಕಿಟಕಿಗಳೆಲ್ಲ ಬಯಲಿಗೆ ತೆರೆದವು. ಮನೆಯ ಉರಿ ಇಳಿಯಿತು, ಆದರೆ ನೆತ್ತಿಯಲ್ಲಿ ನಿಂತ ಬಿಸಿಗಾಳಿ ಇಳಿಯಲೂ ಇಲ್ಲ, ಹೋಗಲೂ ಇಲ್ಲ. ಅಮಾವಾಸ್ಯೆಯ ಮರುದಿನ ಸುಂದ್ರಮ್ಮ ಹಾರೆಯನ್ನು ಹಿಡಿದು ಏಣಿಯ ಬಳಿ ನಿಂತಳು.

"ಏನ್ ಮಾಡಾಕತ್ತೀದಿ?"

"ಬೆಳಕಿಂಡಿ ತಗೀತೀನಿ."

"ಮಳಿ ಬಂದ್ರ?"

"ಮೂರು ಕಲ್ಲಿಟ್ಟು ಗಡಿಗಿ ಬೋರಲ ಹಾಕ್ತೀನಿ. ನಿಮ್ಮವ್ವ ಹಂಗೇ ಮಾಡ್ತಿದ್ದಿಲ್ಲೇನು?"

ಬಸವಂತ್ರಾಯ ಹಾರೆಯನ್ನು ಅವಳ ಕೈಯಿಂದ ತೆಗೆದುಕೊಂಡ.

"ಕೊಡಿಲ್ಲಿ. ಮುಚ್ಚಿದಾವ ನಾ. ತಗಿಯೂದೂ ನಾನೇ."

ಫರಸಿ ಕಲ್ಲು ಎದ್ದಾಗ ಒಳಗಿನ ಬಿಸಿಯುಸಿರು ಅವನ ಮುಖಕ್ಕೆ ಹೊಡೆಯಿತು. ಒಲೆಯ ಬಾಯಿಗೆ ಬಾಗಿದವನಂತೆ ಅವನು ಹಿಂದೆ ಸರಿದ. ಕೆಳಗಿನಿಂದ ಮೌನಮ್ಮ, "ಅಪ್ಪಾ, ಗಾಳಿ ಹರೀತು!" ಎಂದು ಕೂಗಿದಳು. ಅವನು ಗಡಿಗೆಯನ್ನು ತಾನೇ ಎತ್ತಿಕೊಂಡು ಬಂದು, ಮಳೆ ಬಂದರೆ ಮುಚ್ಚಲೆಂದು ಕಿಂಡಿಯ ಪಕ್ಕದಲ್ಲಿ ಬೋರಲು ಹಾಕಿದ.

ಹೇಳಿದ ದಿನಕ್ಕೆ ಪಾರ್ವತೆಮ್ಮ ಬಂದಳು. ಸೊಸೆಯನ್ನು ಆಟೋದಲ್ಲಿ ಕೂರಿಸಿಕೊಂಡು ಹೋಗುವಾಗ ಕುಲುಕಾಡದಿರಲೆಂದು ಕಂಕುಳಲ್ಲಿ ದಪ್ಪನೆಯ ಕೌದಿಯೊಂದನ್ನು ಹಿಡಿದೇ ಬಂದಿದ್ದಳು. ಮಧ್ಯಾಹ್ನ ಒಂದು ಗಂಟೆ. ಬೀದಿಯಲ್ಲಿ ನಾಯಿಯೂ ಇಲ್ಲ. ಅವಳು ಹೊಸ್ತಿಲು ದಾಟಿ ನಿಂತಳು, ಗೋಡೆಗೆ ಅಂಗೈ ಹಚ್ಚಿ ನೋಡಿದಳು. ಸುಂದ್ರಮ್ಮ ಕೊಟ್ಟ ಅಂಬಲಿಯನ್ನು ಕುಡಿದು, "ಜರಾ ಬೆನ್ನು ಊರ್ತೀನ್ರಿ," ಎಂದು ಬರಿಯ ನೆಲದ ಮೇಲೆ ಒರಗಿದಳು. ಬೆಳಕಿಂಡಿಯಿಂದ ಬಿದ್ದ ಬೆಳಕಿನ ಬಿಲ್ಲೆ ಅವಳ ಕಾಲಬಳಿಯಿಂದ ಗೋಡೆಯವರೆಗೆ ಸರಿಯುವಷ್ಟು ಹೊತ್ತೂ ಅವಳು ಗೊರಕೆ ಹೊಡೆದಳು. ತಾಯಿ, ಮಗಳು ಒಬ್ಬರ ಮುಖವನ್ನೊಬ್ಬರು ನೋಡುತ್ತ ಕುಳಿತಿದ್ದರು.

ಎದ್ದವಳು ಕೇಳಿದ ಮೊದಲ ಮಾತು, "ಕೂಲರ್ ಎಲ್ಲಿಟ್ಟೀರಿ? ಸಪ್ಪಳೇ ಇಲ್ಲ!"

ಸುಂದ್ರಮ್ಮ ಮೂಲೆಯತ್ತ ಕೈ ತೋರಿಸಿದಳು. ಕೂಲರಿನ ತಲೆಯ ಮೇಲೆ ಉಪ್ಪಿನಕಾಯಿಯ ಎರಡು ಭರಣಿಗಳಿದ್ದವು.

"ಕರೆಂಟ್ ಹೋಗಿ ಎರಡು ತಾಸಾತ್ರಿ ಬೀಗ್ತಿ."

ಪಾರ್ವತೆಮ್ಮ ತಲೆಯೆತ್ತಿ ಬೆಳಕಿಂಡಿಯನ್ನು ನೋಡಿದಳು. ಆಮೇಲೆ ಸೊಸೆಯ ಹೊಟ್ಟೆಯನ್ನು, ಬೀಗಿತಿಯ ಬೆರಳ ಸಂದುಗಳಲ್ಲಿ ಇನ್ನೂ ಹೋಗದ ಸುಣ್ಣದ ಬಿಳಿಯನ್ನು ನೋಡಿದಳು. ಸುಂದ್ರಮ್ಮ ಚಾಚಾನನ್ನು ಕರೆಸಿ ಮಾಳಿಗೆಗೆ ಸುಣ್ಣ ಬಳಿದದ್ದನ್ನು ಹೇಳಿದಳು.

"ಆ ಸುಣ್ಣದ ಸಾಬ್ರು ನಮ್ಮ ಶಹಾಪುರದವರೇ ಏನ್ರಿ? ನಮ್ಮನಿ ಕಡೀಗೂ ಬಂದು ಹೋಗಂತ ಹೇಳ್ರಿ. ನಮ್ದೂ ಸ್ಲ್ಯಾಬೇ ಅದ."

ಸಂಜೆ ಅವಳು ಒಬ್ಬಳೇ ಆಟೋ ಹತ್ತಿದಳು. ಬಸವಂತ್ರಾಯ, "ಅಕ್ಕೋರೆ, ಕೌದಿ ಬಿಟ್ಟೀರಿ!" ಎಂದು ಹಿಂದೆ ಓಡಿದ.

"ಬಿಟ್ಟೀನಿ ತಮ್ಮಾ," ಎಂದಳು ಪಾರ್ವತೆಮ್ಮ. "ಕೂಸು ಅದರ ಮ್ಯಾಲೇ ಮಲಗ್ತದ."