ನಲವತ್ತು ದಿನದ ಹಡಗು

ಮೂವತ್ತೊಂದು ವರ್ಷ ದೂರದ ಊರುಗಳಿಗೆ ಬಸ್ಸು ಓಡಿಸಿದ ಡ್ರೈವರ್‌ಗೆ ನಿವೃತ್ತಿಯಾದ ಮೇಲೂ ಚಕ್ರದ ಹುಚ್ಚು ಬಿಡಲಿಲ್ಲ. ಹಳೆಯದೊಂದು ಮಿನಿಬಸ್ಸು ಕೊಂಡು, ಸೀಟುಗಳನ್ನು ಕಿತ್ತು, ಮಂಚ, ಒಲೆ, ಫ್ರಿಜ್ಜು ಜೋಡಿಸಿ ಅದನ್ನೇ ಮನೆ ಮಾಡಿಕೊಂಡ. ಹನ್ನೊಂದು ವರ್ಷದಿಂದ ಗಂಡ, ಹೆಂಡತಿ, ಒಂದು ನಾಯಿ ಅದರಲ್ಲೇ ವಾಸ. ಎಲ್ಲರೂ ಹತ್ತುವ ತನಕ ಬಾಗಿಲು ಬಿಟ್ಟು ಕದಲದ ಆ ನಾಯಿಗೆ ಕಂಡಕ್ಟರ್ ಎಂದೇ ಹೆಸರು ಬಿದ್ದಿತ್ತು.

ಇವತ್ತು ಸಂಜೆ ಅವರ ಹಡಗು ಹೊರಡುವುದಿತ್ತು. ಹೆಂಡತಿ ಬಟ್ಟೆ ಗಿರಣಿಯಲ್ಲಿ ದೋಷ ಹುಡುಕುವ ಮೇಜಿನ ಮುಂದೆ ಆಯಸ್ಸು ಕಳೆದವಳು. ಒಂದೆಳೆ ತಪ್ಪಿದರೂ ಅವಳ ಕಣ್ಣಿಗೆ ಬೀಳುತ್ತಿತ್ತು. ಆ ಕಣ್ಣೇ ಈಗ ಅಂಚಿನಿಂದ ಒಳಕ್ಕೆ ಮಸುಕಾಗುತ್ತಿತ್ತು. ವರ್ಷ ತುಂಬುವುದರೊಳಗೆ ಪೂರ್ತಿ ಹೋಗುತ್ತದೆ ಎಂದರು ಕಣ್ಣಿನ ಡಾಕ್ಟರು. ಅವಳು ಅಳಲಿಲ್ಲ. ನಾಲ್ಕು ದಿಕ್ಕಿಗೂ ದಡ ಕಾಣದ ನೀರು ನೋಡಬೇಕು ಅಂದಳು. ಬಸ್ಸು ಹೋಗದ ಜಾಗವನ್ನೇ ಹುಡುಕಿ ಕೇಳಿದಳಲ್ಲ ಎಂದು ಡ್ರೈವರ್‌ಗೆ ಮೊದಲು ಮುನಿಸೇ ಬಂತು. ಆಮೇಲೆ ತಾನೇ ಹೋಗಿ ನಲವತ್ತು ದಿನದ ಪ್ರವಾಸಕ್ಕೆ ಟಿಕೆಟ್ ಮಾಡಿಸಿ ಬಂದ.

ಹಡಗಿಗೆ ನಾಯಿ ಸೇರಿಸುವುದಿಲ್ಲ. ಹಾಗಾಗಿ ಹೆಂಡತಿಯ ತಂಗಿಯ ಮನೆಯಲ್ಲಿ ನಾಯಿ, ಹಿತ್ತಿಲಲ್ಲಿ ಗಾಡಿ ಎಂದು ತೀರ್ಮಾನವಾಯಿತು. ನಾದಿನಿ ಟೈಲರ್, ಒಂಟಿ ಜೀವ, ಮನಸ್ಸು ಒಳ್ಳೆಯದು, ಬಾಯಿಗೆ ಮಾತ್ರ ಪುರುಸೊತ್ತಿಲ್ಲ. ಮೂರು ದಿನ ಮೊದಲೇ ಬಂದು ಎಲ್ಲರೂ ಅವಳ ಮನೆಯಲ್ಲೇ ಉಳಿದುಕೊಂಡರು. ಆ ಮೂರು ದಿನವೂ ಕಂಡಕ್ಟರ್ ತಟ್ಟೆ ಮೂಸಿ ನೋಡಲಿಲ್ಲ.

ಮೊನ್ನೆ ಡ್ರೈವರ್ ಒಬ್ಬನೇ ಅದನ್ನು ಪಶುವೈದ್ಯೆಯ ಬಳಿಗೆ ಎತ್ತಿಕೊಂಡು ಹೋಗಿದ್ದ. ಆಕೆ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದಳು. ಹೃದಯ ಊದಿದೆ, ಒಂದು ತಿಂಗಳು ಸಿಕ್ಕರೆ ಹೆಚ್ಚು ಎಂದಳು. ಮನೆಗೆ ಬಂದವನು ಹೆಂಡತಿಗೆ, "ವಯಸ್ಸಾಗಿದೆ, ಅಷ್ಟೇ. ಮಾತ್ರೆ ಕೊಟ್ಟಿದಾರೆ," ಎಂದುಬಿಟ್ಟ. ನಿಜ ಹೇಳಿದರೆ ಅವಳು ಹೊರಡುವುದಿಲ್ಲ, ಹೇಳದಿದ್ದರೆ ಬಂದಮೇಲೆ ಕ್ಷಮಿಸುವುದಿಲ್ಲ.

ಮಧ್ಯಾಹ್ನ ಅವನು ಗಾಡಿ ಮುಚ್ಚುವ ಕೆಲಸಕ್ಕೆ ಇಳಿದ. ನೀರಿನ ಟ್ಯಾಂಕ್ ಬಸಿದ. ಗ್ಯಾಸ್ ತಿರುಗಿಸಿ ಮುಚ್ಚಿದ. ಬೂಸಲು ಹಿಡಿಯದಿರಲೆಂದು ಫ್ರಿಜ್ಜಿನ ಬಾಗಿಲಿಗೆ ಬಟ್ಟೆಯ ಉಂಡೆ ಕೊಟ್ಟ. ಬಹಳ ದಿನ ನಿಲ್ಲಿಸುವ ಗಾಡಿಯ ಹ್ಯಾಂಡ್‌ಬ್ರೇಕ್ ಎಳೆದಿಡಬಾರದು, ಕಚ್ಚಿಕೊಳ್ಳುತ್ತದೆ. ಚಕ್ರಗಳಿಗೆ ಇಟ್ಟಿಗೆ ಒತ್ತಿ ಬ್ರೇಕ್ ಬಿಟ್ಟ. ಸಡಿಲವಾಗಿದೆಯೋ ಏನೋ ಎಂದು ಮತ್ತೊಮ್ಮೆ ಎಳೆದು ನೋಡಿದ. ಕರ್ರ್ ಎಂದಿತು.

ಅಡುಗೆಮನೆಯ ಮೂಲೆಯಲ್ಲಿ ಸತ್ತಂತೆ ಬಿದ್ದಿದ್ದ ನಾಯಿ ಎದ್ದಿತು. ಒಂದೊಂದೇ ಹೆಜ್ಜೆ ಇಟ್ಟು ಹಿತ್ತಿಲಿಗೆ ಬಂದು, ಗಾಡಿಯ ಮೆಟ್ಟಿಲ ಪಕ್ಕ ಕೂತು ಅವನ ಮುಖ ನೋಡಿತು.

ಡ್ರೈವರ್ ಹಣೆ ಚಚ್ಚಿಕೊಂಡ. ಒಂದೇ ಜಾಗದಲ್ಲಿ ನಿಂತ ದಿನವೂ ಸಂಜೆ ಎಂಜಿನ್ ಓಡಿಸಿ, ಬ್ರೇಕ್ ಎಳೆದು, ಆಮೇಲೇ ಊಟ ಎನ್ನುವುದು ಅವನದೇ ಕಟ್ಟಳೆ. ಹನ್ನೊಂದು ವರ್ಷದಲ್ಲಿ ಆ ಸದ್ದು ಕೇಳದೆ ನಾಯಿಗೆ ಯಾರೂ ಅನ್ನ ಹಾಕಿರಲಿಲ್ಲ. ಈ ಮೂರು ದಿನ ಮನೆಯೊಳಗೇ ತಟ್ಟೆ ಇಟ್ಟವರಿಗೆ ಅದು ಮರೆತೇಹೋಗಿತ್ತು. ಅಗಲುವ ದುಃಖ ಎಂದು ಇವರು ಮರುಗುತ್ತಿದ್ದರೆ, ಅದು ಪಾಪ ಗಾಡಿ ಇನ್ನೂ ನಿಂತಿಲ್ಲ ಎಂದು ಕಾಯುತ್ತಿತ್ತು.

ಇಬ್ಬರನ್ನೂ ಕೂಗಿ ಕರೆದ. ನಾದಿನಿ ಕುತ್ತಿಗೆಯ ಟೇಪು ತೆಗೆಯದೆ ಓಡಿ ಬಂದಳು. ಬ್ರೇಕ್ ಬಿಟ್ಟು ಅವಳನ್ನು ಡ್ರೈವರ್ ಸೀಟಿಗೆ ಹತ್ತಿಸಿದ.

"ಭಾವ, ನಾನು ಹೊಲಿಗೆ ಮಿಷನ್ ಬಿಟ್ರೆ ಬೇರೇನೂ ಓಡಿಸಿದವಳಲ್ಲ. ಗಾಡಿ ಗೋಡೆ ದಾಟಿ ಹೋದ್ರೆ ನನ್ನ ಕೇಳ್ಬೇಡಿ."

"ಎಲ್ಲೂ ಹೋಗಲ್ಲಮ್ಮ. ದಿನಾ ಈ ಬ್ರೇಕ್ ಎಳಿ, ತಟ್ಟೆ ಇಡು, ಆಮೇಲೆ ಬಿಟ್ಬಿಡು."

ಅವಳು ಎರಡು ಕೈಯಲ್ಲಿ ಎಳೆದಳು. ಹೆಂಡತಿ ತಟ್ಟೆ ತಂದಿಟ್ಟಳು. ನಾಯಿ ತಿನ್ನತೊಡಗಿತು. ನಾದಿನಿ ನಕ್ಕಳು, ಕಣ್ಣೊರೆಸಿಕೊಂಡಳು, ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಗಿ ಒಳಗೋಡಿದಳು.

ಈಗ ಹೆಂಡತಿಯ ಮುಖದ ಮೇಲೆ ನೆಮ್ಮದಿ ಬರಬೇಕಿತ್ತು, ಬರಲಿಲ್ಲ. ಡ್ರೈವರ್‌ಗೆ ತಡೆಯಲಾಗಲಿಲ್ಲ.

"ನಿನಗೊಂದು ಸುಳ್ಳು ಹೇಳಿದೀನಿ ಕಣೇ."

"ಗೊತ್ತು ಬಿಡಿ. ನಾವು ಹೋಗೋದು ನಲವತ್ತು ದಿನ, ಡಾಕ್ಟರಮ್ಮ ಕೊಟ್ಟಿರೋ ಮಾತ್ರೆ ಇಪ್ಪತ್ತು ದಿನಕ್ಕೆ. ಮೊನ್ನೇನೇ ನೋಡ್ದೆ."

ಅವನು ಮೆಟ್ಟಿಲ ಮೇಲೆ ಕೂತ.

"ಮತ್ತೆ ಸುಮ್ಮನಿದ್ಯಲ್ಲ. ಹಡಗು ಬೇಡ ಅನ್ನು, ಈಗಲೇ ಫೋನ್ ಮಾಡ್ತೀನಿ."

ಅವಳು ತಲೆಯಾಡಿಸಿದಳು. "ಉಳ್ಕೊಂಡ್ರೆ ಇದು ಸಾಯೋದನ್ನ ನೋಡ್ತೀನಿ. ಆಮೇಲೆ ನನ್ನ ಕಣ್ಣಲ್ಲಿ ಅದೊಂದೇ ಉಳಿಯತ್ತೆ, ಎಷ್ಟು ವರ್ಷ ಬದುಕ್ತೀನೋ ಅಷ್ಟು ವರ್ಷ. ನನಗೆ ಬೇಡ. ಕಲ್ಲು ಮನಸ್ಸಿನವಳು ಅಂದ್ಕೊಳ್ಳಿ, ಪರವಾಗಿಲ್ಲ."

ಅವನು ಹಾಗೆ ಅಂದುಕೊಳ್ಳಲಿಲ್ಲ ಎಂದರೆ ಅದೂ ಸುಳ್ಳಾಗುತ್ತದೆ. ಒಂದು ಕ್ಷಣ ಅಂದುಕೊಂಡ. ಮರುಕ್ಷಣ ಅವಳು ಬಗ್ಗಿ ತಟ್ಟೆಯನ್ನು ನಾಯಿಯ ಬಾಯಿಗೆ ಇನ್ನಷ್ಟು ಹತ್ತಿರ ಸರಿಸಿದ್ದು ಕಂಡು, ಅಂದುಕೊಂಡದ್ದಕ್ಕೆ ನಾಚಿದ.

ಬೀದಿಯಲ್ಲಿ ಟ್ಯಾಕ್ಸಿ ಬಂದು ನಿಂತು ಹಾರ್ನ್ ಹೊಡೆಯಿತು. ಅವನು ಪೆಟ್ಟಿಗೆಗಳನ್ನು ಟ್ಯಾಕ್ಸಿಗೆ ಇಟ್ಟು ಬಂದ. ಅವಳು ಮಾತ್ರ ನೆಲದ ಮೇಲೆ ಕೂತು, ಮುಖವನ್ನು ಆಚೀಚೆ ತಿರುಗಿಸುತ್ತ, ಮಸುಕಿಲ್ಲದ ನಡುಭಾಗಕ್ಕೆ ನಾಯಿಯನ್ನು ತಂದುಕೊಂಡಳು. ಕಿವಿ ನೋಡಿದಳು. ನರೆತ ಮೂತಿ ನೋಡಿದಳು. ತಿನ್ನುವಾಗ ಕುಣಿಯುವ ಗಂಟಲು ನೋಡಿದಳು. ಹಾರ್ನ್ ಇನ್ನೊಮ್ಮೆ ಆಯಿತು, ಮತ್ತೊಮ್ಮೆ ಆಯಿತು. ನಾಯಿ ತಟ್ಟೆ ನೆಕ್ಕಿ ಮುಗಿಸಿ ತಲೆ ಎತ್ತುವ ಮೊದಲೇ ಅವಳು ಕಣ್ಣು ಮುಚ್ಚಿಕೊಂಡು ಕೈ ಚಾಚಿದಳು.

"ಹಿಡ್ಕೊಂಡು ನಡೆಸಿ," ಎಂದಳು. "ಟ್ಯಾಕ್ಸಿ ಹತ್ತೋವರೆಗೂ ನಾನು ಬೇರೇನೂ ನೋಡಲ್ಲ."