ಬಾಕಿ ಉಳಿದ ಎರಡು ಮರ

ನನ್ನ ಮಾವನವರಿಗೆ ಸುಳ್ಳು ಹೇಳುವುದು ಚೆನ್ನಾಗಿಯೇ ಬರುತ್ತದೆ. "ಆರಾಮಾಗಿದ್ದೀನಿ ತಾಯಿ, ಕುದುರೆ ಹಾಗಿದ್ದೀನಿ" ಎನ್ನುವಾಗ ಮುಖದ ಒಂದು ಗೆರೆಯೂ ಅಲುಗುವುದಿಲ್ಲ. ಅವರನ್ನು ಹಿಡಿದುಕೊಡುವುದು ಬೆರಳಿಗೆ ಕಚ್ಚಿಸುವ ಪುಟ್ಟ ಕ್ಲಿಪ್ಪು. ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ಅದು ಕೆಂಪು ಅಂಕಿಯಲ್ಲಿ ತೋರಿಸಿಬಿಡುತ್ತದೆ. ಎದೆರೋಗದ ಆಸ್ಪತ್ರೆಯಲ್ಲಿ ಹದಿನಾಲ್ಕು ವರ್ಷದಿಂದ ನರ್ಸ್ ಆಗಿರುವ ನನಗೆ ಜನರ ಬಾಯಿಗಿಂತ ಆ ಕ್ಲಿಪ್ಪಿನ ಮೇಲೆಯೇ ನಂಬಿಕೆ ಜಾಸ್ತಿ. ಆ ದಿನ ಬೆಳಿಗ್ಗೆ ಅದು ತೊಂಬತ್ತು ತೋರಿಸಿತು.

"ಕುದುರೆಗೆ ತೊಂಬತ್ತು ಸಾಲದು ಮಾವ."

"ನಿನ್ನ ಕ್ಲಿಪ್ಪಿಗೆ ವಯಸ್ಸಾಯ್ತು."

ಹೊರಗೆ ಬೀದಿಯೇ ಕಾಣುತ್ತಿರಲಿಲ್ಲ. ಎದುರುಮನೆಯ ದರ್ಜಿಯ ಬೋರ್ಡಿನಲ್ಲಿ ಅರ್ಧ ಅಕ್ಷರ ಹೊಗೆ ತಿಂದುಹಾಕಿತ್ತು. ಹತ್ತು ದಿನದ ಹಿಂದೆ ಒಂದು ಮಧ್ಯಾಹ್ನ ಮಳೆಯಿಲ್ಲದ ಬರೀ ಗುಡುಗು ಸಿಡಿಲು ಬಂದು ಹಿಂದಿನ ಬೆಟ್ಟಸಾಲಿನ ಕಾಡಿಗೆ ಬೆಂಕಿ ಹತ್ತಿತ್ತು. ಅದನ್ನು ಪೂರ್ತಿ ಆರಿಸುವುದು ಬೇಡ, ಸುತ್ತ ಗಿಡಗಂಟಿ ಕಡಿದು ಬೆಂಕಿ ದಾಟದಂತೆ ಗಡಿ ಮಾಡಿ ಒಳಗೆ ಉರಿಯಲು ಬಿಡೋಣ ಎಂದು ತೀರ್ಮಾನ ಮಾಡಿದ್ದು ಅರಣ್ಯ ಇಲಾಖೆಯ ಬೆಂಕಿ ಅಧಿಕಾರಿ. ಆ ಮಹಾಶಯರು ನನ್ನ ಗಂಡ.

ಇಷ್ಟು ವರ್ಷ ಕಾಡಿನಲ್ಲಿ ಒಂದು ಕಿಡಿ ಕಂಡರೂ ಓಡಿಹೋಗಿ ಆರಿಸಿದ್ದರಿಂದ ಈಗ ಅಲ್ಲಿ ತರಗೆಲೆ, ಒಣಕೊಂಬೆ ಮೊಣಕಾಲುದ್ದ ಬಿದ್ದಿವೆಯಂತೆ. ಗಾಳಿ ಕಮ್ಮಿ ಇರುವಾಗ ಅದು ಸ್ವಲ್ಪ ಸ್ವಲ್ಪವಾಗಿ ಉರಿದುಹೋಗದಿದ್ದರೆ ಒಂದು ದಿನ ಎಲ್ಲ ಒಟ್ಟಿಗೆ ಹೊತ್ತಿಕೊಂಡು ಊರಿಗೇ ಇಳಿಯುತ್ತದಂತೆ. ಇದನ್ನೆಲ್ಲ ಅವರು ಊಟದ ಮೇಜಿನ ಮೇಲೆ ತಟ್ಟೆ ಲೋಟ ಜೋಡಿಸಿ ನನಗೆ ತಿಳಿಸಿ ಹೇಳಿದ್ದರು. ಲೋಟ ಅಂದರೆ ನಮ್ಮ ಊರು. ನನಗೆ ಅರ್ಥವಾಯಿತು, ಸಮಾಧಾನವಾಗಲಿಲ್ಲ. ಉರಿಯುವುದು ಅಲ್ಲಿ, ಕೆಮ್ಮುವುದು ಇಲ್ಲಿ.

ದಿನಾ ಸಂಜೆ ಶಿಬಿರದಿಂದ ಫೋನ್ ಮಾಡಿದಾಗ ಅವರ ಮೊದಲ ಮಾತು ಒಂದೇ. "ಅಪ್ಪಂದು ಎಷ್ಟು?" ನಾನು ಅಂಕಿ ಹೇಳುತ್ತಿದ್ದೆ. ಆಮೇಲೆ ಅವರು ಸ್ವಲ್ಪ ಹೊತ್ತು ಮಾತೇ ಆಡುತ್ತಿರಲಿಲ್ಲ. ಬೆಳಗಿಡೀ ಗಂಡನ ಮೇಲೆ ಹಲ್ಲು ಕಡಿಯುತ್ತಿದ್ದ ನನಗೆ ಆ ಮೌನ ಕೇಳಿದ ಕೂಡಲೇ ಸಿಟ್ಟೆಲ್ಲ ಇಳಿದುಹೋಗುತ್ತಿತ್ತು. ಅದು ಯಾರ ಹೊಗೆ, ಯಾರ ಎದೆಗೆ ಹೋಗುತ್ತಿದೆ ಎಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಮಾವನವರ ಎದೆ ಮೊದಲೇ ಅರ್ಧ ಹೋಗಿತ್ತು. ಎದುರುಬೆಟ್ಟದ ನೆತ್ತಿಯ ಮೇಲಿನ ಕಾವಲು ಗೋಪುರದಲ್ಲಿ ಮೂವತ್ತೊಂದು ವರ್ಷ ಕೂತು, ಎಲ್ಲಿ ಹೊಗೆ ಎದ್ದರೂ ಕಚೇರಿಗೆ ವೈರ್‌ಲೆಸ್ಸಿನಲ್ಲಿ ತಿಳಿಸುವುದು ಅವರ ಕೆಲಸ. ತಿಳಿಸಿ ಸುಮ್ಮನಿರುವ ಜಾತಿಯಲ್ಲ, ಇಳಿದುಹೋಗಿ ಹಸಿ ಸೊಪ್ಪು ಹಿಡಿದು ಬೆಂಕಿ ಬಡಿದು ಆರಿಸುತ್ತಲೂ ಇದ್ದರು. ಇಡೀ ಇಲಾಖೆ ಅವರನ್ನು ಕರೆಯುತ್ತಿದ್ದುದೇ 'ಗೋಪುರ' ಎಂದು. ಸಂಜೆ ಆರಕ್ಕೆ ಕಚೇರಿಯಿಂದ, "ಗೋಪುರ, ಇವತ್ತಿನ ಕಾವಲು ಮುಗೀತು, ಇಳೀಬಹುದು" ಎಂದು ಹೇಳಿದ ಮೇಲೆಯೇ ಏಣಿ ಇಳಿಯುವ ನಿಯಮ. ನಿವೃತ್ತಿಯ ದಿನ ಕಚೇರಿಯವರೆಲ್ಲ ಅವರ ಜಾಗಕ್ಕೆ ಬಂದಿದ್ದ ಕ್ಯಾಮೆರಾ ಬಿಚ್ಚಿ ನೋಡುವ ಗಡಿಬಿಡಿಯಲ್ಲಿ ಹೇಳುವುದನ್ನೇ ಮರೆತರು. ಇವರು ಎಂಟರವರೆಗೂ ಮೇಲೇ ಕೂತಿದ್ದರಂತೆ, ಕೊನೆಗೆ ಅತ್ತೆ ಟಾರ್ಚ್ ಹಿಡಿದು ಹೋಗಿ ಇಳಿಸಿಕೊಂಡು ಬಂದರಂತೆ. ಇದನ್ನು ಮಾವ ತಮಾಷೆಯೆಂದು ನನಗೆ ನೂರು ಸಲ ಹೇಳಿದ್ದಾರೆ. ನಿಜವಾಗಿ ತಮಾಷೆಯಾಗಿದ್ದರೆ ನೂರು ಸಲ ಹೇಳುತ್ತಿರಲಿಲ್ಲ.

ನಾನು ನಮ್ಮ ಮಲಗುವ ಕೋಣೆಯನ್ನೇ ಅವರಿಗೆ ಬಿಟ್ಟುಕೊಟ್ಟಿದ್ದೆ. ಕಿಟಕಿಯ ಸಂದಿಗೆಲ್ಲ ಟೇಪು, ಬಾಗಿಲ ಕೆಳಗೆ ಒದ್ದೆ ಟವೆಲ್ಲು. ಚೌಕ ಫ್ಯಾನಿಗೆ ಗಾಳಿ ಸೋಸುವ ನಾಲ್ಕು ಫಿಲ್ಟರ್ ಕಟ್ಟಿ ಹಗಲೂ ರಾತ್ರಿ ಓಡಿಸುತ್ತಿದ್ದೆ. ಬಿಳಿ ಫಿಲ್ಟರು ನಾಲ್ಕೇ ದಿನಕ್ಕೆ ಚಹಾ ಸೋಸಿದ ಬಟ್ಟೆಯ ಬಣ್ಣಕ್ಕೆ ಬಂದಿತ್ತು. ಆದರೂ ವೈದ್ಯರು, "ಇದು ಸಾಲಲ್ಲ, ಅವರನ್ನ ಹೊಗೆ ಇಲ್ಲದ ಕಡೆ ಕಳಿಸಿ. ಇನ್ನೊಂದು ಸಲ ಉಸಿರು ಕಟ್ಟಿದ್ರೆ ನಾನು ಏನೂ ಹೇಳಕ್ಕಾಗಲ್ಲ" ಎಂದಿದ್ದರು. ಮಾವನವರ ಮಗಳ ಮನೆ ಆರು ಗಂಟೆ ದಾರಿ, ಸಮುದ್ರದ ಪಕ್ಕ. ಮಾವ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

"ಅವತ್ತು ಎದುರುಬೆಟ್ಟಕ್ಕೂ ಏಳು ಸಿಡಿಲು ಬಡೀತು, ನಾನೇ ಎಣಿಸಿದ್ದು. ಐದು ಮರ ಹೊಗೆ ಕಾರಿದ್ವು, ಹುಡುಗ್ರು ಹೋಗಿ ಆರಿಸಿದ್ರು. ಎರಡು ಬಾಕಿ."

"ಅವೆರಡು ಹೊತ್ತಿಕೊಳ್ಳಲೇ ಇಲ್ಲವೇನೋ ಮಾವ."

"ಸಿಡಿಲು ಹೊಡೆದ ಮರ ಕೆಂಡಾನ ಹೊಟ್ಟೇಲಿಟ್ಕೊಂಡು ಮೂರು ವಾರ ಸುಮ್ನೆ ನಿಂತಿರತ್ತೆ. ಆಮೇಲೆ ಒಂದು ಗಾಳಿ ಬಂದ್ರೆ ಸಾಕು. ಹಿಂದಿನ ಬೆಟ್ಟ ಉರೀಲಿ, ನಿನ್ನ ಗಂಡ ಮಾಡಿದ್ದು ಸರಿ. ಆದ್ರೆ ಇದು ಊರಿನ ನೆತ್ತಿ ಮೇಲಿರೋ ಬೆಟ್ಟ. ಇಪ್ಪತ್ತೊಂದು ದಿನ ಮುಗಿಯೋವರೆಗೆ ನಾನು ಎಲ್ಲಿಗೂ ಬರಲ್ಲ."

"ಮೇಲೆ ಕ್ಯಾಮೆರಾ ಇದೆಯಲ್ಲ!"

ಮಾವ ನಕ್ಕರು, ನಕ್ಕಿದ್ದಕ್ಕೆ ಕೆಮ್ಮಿದರು. ಗೋಪುರಕ್ಕೆ ದೂರದ್ದೆಲ್ಲ ಕಾಣುತ್ತದೆ, ತನ್ನ ಕಾಲ ಕೆಳಗಿನ ಇಳಿಜಾರು ಮಾತ್ರ ಕಾಣುವುದಿಲ್ಲವಂತೆ. ಅದು ಪೂರ್ತಿ ಕಾಣುವುದು ನಮ್ಮ ಅಡುಗೆಮನೆಯ ಕಿಟಕಿಯಿಂದ. ಅದಕ್ಕಾಗಿಯೇ ಅವರು ಈ ಮನೆ ಹಿಡಿದದ್ದು. ದಿನಾ ಮಧ್ಯಾಹ್ನ ಎರಡೂಕಾಲಕ್ಕೆ ಅತ್ತೆ ಒಲೆ ಸಣ್ಣಗೆ ಮಾಡಿ, ನೆಲದ ಒಡೆದ ಟೈಲಿನ ಮೇಲೆ ನಿಂತು ಐದು ನಿಮಿಷ ನೋಡಿ, ಗೋಪುರಕ್ಕೆ ಫೋನ್ ಮಾಡುತ್ತಿದ್ದರಂತೆ. ಇಲಾಖೆಯ ಯಾವ ಕಡತದಲ್ಲೂ ಇದು ಇಲ್ಲ. ಕಿಟಕಿಯ ಚೌಕಟ್ಟಿನ ಮೇಲೆ ನೀಲಿ ಪೆನ್ಸಿಲಿನಲ್ಲಿ ಒತ್ತಿ ಎಳೆದ ಐದು ಗೆರೆಗಳು ಅವರ ಗುರುತು, ಬೆಟ್ಟದ ಒಂದೊಂದು ಭಾಗಕ್ಕೆ ಒಂದೊಂದು. ಅತ್ತೆ ಹೋದ ಮೇಲೆ ಈ ಮನೆಗೆ ಬಂದ ನಾನು ಆರು ವರ್ಷದಿಂದ ಆ ಗೆರೆಗಳನ್ನು ಸೋಪು ಹಾಕಿ ಉಜ್ಜುತ್ತಿದ್ದೆ. ಪುಣ್ಯಕ್ಕೆ ಹೋಗಿರಲಿಲ್ಲ.

ಮಾವ ಹೀಗೆ ಪಟ್ಟು ಹಿಡಿಯಲು ಇನ್ನೊಂದು ಕಾರಣವಿತ್ತು. ನಾಲ್ಕು ದಿನದ ಹಿಂದೆ ಬೆಳಿಗ್ಗೆ ಎರಡು ಹನಿ ಮಳೆ ಬಿದ್ದು, ಮಧ್ಯಾಹ್ನ ಆ ಇಳಿಜಾರಿನಲ್ಲಿ ಬಿಳಿಯ ಎಳೆಯೊಂದು ಎದ್ದಿತ್ತು. ಇವರು ಕಂಡದ್ದೇ ತಡ ಮಗನಿಗೆ ಫೋನ್ ಮಾಡಿದರು. ಐದು ಜನ ಎರಡು ಗಂಟೆ ಬೆಟ್ಟ ಹತ್ತಿ, ಒದ್ದೆ ಎಲೆ ನೋಡಿ ಇಳಿದು ಬಂದರು. ಅದು ಮಂಜು. ಮೂವತ್ತೊಂದು ವರ್ಷ ಗೋಪುರದಲ್ಲಿದ್ದವರು ಮಂಜನ್ನು ಹೊಗೆ ಅಂದರೆಂದು ಶಿಬಿರದಲ್ಲಿ ನಗೆಯಾಯಿತು. ನಿದ್ದೆಗೆಟ್ಟಿದ್ದ ನನ್ನ ಗಂಡ, "ಅಪ್ಪಾ, ನಿನ್ನ ಡ್ಯೂಟಿ ಮುಗಿದು ಒಂಬತ್ತು ವರ್ಷ ಆಯ್ತು. ನನ್ನ ಹುಡುಗ್ರನ್ನ ಸುಮ್ನೆ ಓಡಿಸ್ಬೇಡ" ಎಂದುಬಿಟ್ಟರು.

"ಆಯ್ತು ಸಾರ್," ಎಂದು ಮಾವ ಫೋನ್ ಇಟ್ಟರು. ಆಮೇಲೆ ಮಗನ ಫೋನಿಗೆ ಬರಲಿಲ್ಲ.

ಸರಿ, ನಾನೇ ಒಂದು ಒಪ್ಪಂದಕ್ಕೆ ಬಂದೆ. ಹೊಗೆ ಬೆಳಿಗ್ಗೆ ಊರಿನ ಮೇಲೆ ಕೂತಿರುತ್ತದೆ, ಎರಡು ಗಂಟೆಗೆ ಗಾಳಿ ಎದ್ದು ಸ್ವಲ್ಪ ಮೇಲೇರುತ್ತದೆ, ಆಗ ಬೆಟ್ಟ ಕಾಣುತ್ತದೆ. ನಾನು ಬೆಳಗಿನ ಪಾಳಿ ಮುಗಿಸಿ ಬಂದು ನೋಡುತ್ತೇನೆ, ನೀವು ಕೋಣೆ ಬಿಟ್ಟು ಆಚೆ ಬರಕೂಡದು ಎಂದೆ.

"ನಿನಗೆ ಮಂಜು ಯಾವುದು ಹೊಗೆ ಯಾವುದು ಗೊತ್ತಾಗತ್ತಾ?"

"ಕಲಿಸಿ. ಕಲಿತ ಮೇಲೆ ನೀವು ಊರು ಬಿಡಬೇಕು. ಅದಕ್ಕೆ ಮುಂಚೆ ಕ್ಲಿಪ್ಪು ಎಂಬತ್ತೆಂಟಕ್ಕಿಂತ ಕೆಳಗೆ ಬಂದ್ರೆ ಅವತ್ತೇ ಹೊರಡಬೇಕು. ಪಿಟಿಕ್ ಅನ್ನಬಾರದು."

ಹೀಗೆ ನನ್ನ ಪಾಠ ಶುರುವಾಯಿತು. ಕಿಟಕಿಗೆ ಮಸುಕು ಗಾಜು, ತೆರೆಯದೆ ಏನೂ ಕಾಣದು. ನಾನು ಮಾಸ್ಕ್ ಹಾಕಿಕೊಂಡು ಒಡೆದ ಟೈಲಿನ ಮೇಲೆ ನಿಂತು ಕೂಗುವುದು, ಮಾವ ಮುಚ್ಚಿದ ಬಾಗಿಲ ಹಿಂದೆ ಕುರ್ಚಿ ಹಾಕಿಕೊಂಡು ಪ್ರಶ್ನೆ ಕೇಳುವುದು. "ಬಣ್ಣ ಏನು? ಬಿಳಿಯಾ, ನೀಲಿಯಾ? ಬುಡ ಇದೆಯಾ? ಮಂಜಾದ್ರೆ ಬಿಸಿಲು ಬಿದ್ದ ಮೇಲೆ ಬುಡ ಬಿಟ್ಟು ಏಳತ್ತೆ. ಹೊಗೆ ಎಷ್ಟೇ ಅಲ್ಲಾಡಿದ್ರೂ ಬುಡ ಬಿಡಲ್ಲ. ಬುಡ ನೋಡು, ತುದಿ ನೋಡ್ಬೇಡ!" ಪಕ್ಕದ ಮನೆಯ ಟೀಚರಮ್ಮ ನಮ್ಮ ಮನೆಯಲ್ಲಿ ದಿನಾ ಜಗಳ ಎಂದುಕೊಂಡಿದ್ದರಂತೆ.

ಹದಿಮೂರನೆಯ ದಿನ ಆಸ್ಪತ್ರೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಉಬ್ಬಸದ ಮಕ್ಕಳು, ಹೃದಯದ ಕಾಯಿಲೆಯವರು, ಎಲ್ಲರಿಗೂ ಒಟ್ಟಿಗೇ ಉಸಿರು ಕಟ್ಟಿತ್ತು. ಮನೆಗೆ ಬಂದಾಗ ಬೆನ್ನು ಮುರಿದಿತ್ತು. ಅಡುಗೆಮನೆಯ ಸ್ಟೂಲಿನ ಮೇಲೆ ಕೂತಲ್ಲಿಂದಲೇ, "ಏನೂ ಇಲ್ಲ ಮಾವ, ಎಲ್ಲ ಸರಿಯಾಗಿದೆ" ಎಂದು ಕೂಗಿದೆ.

ಬಾಗಿಲ ಹಿಂದಿನಿಂದ ಮಾವನ ದನಿ ಬಂತು. "ಕಿಟಕಿಯ ಕೀಲು ಕಿರ್ ಅನ್ನಲಿಲ್ಲವಲ್ಲ ತಾಯಿ."

ನಾಚಿಕೆಯಿಂದ ನೆಲ ಬಾಯಿಬಿಡಬಾರದೇ ಎನಿಸಿತು. ಬಯ್ಯುತ್ತಾರೆ ಎಂದುಕೊಂಡೆ. "ಸುಸ್ತಾಗಿದ್ಯಾ? ಚಹಾ ಕುಡಿದು ಆಮೇಲೆ ನೋಡು. ಹತ್ತು ನಿಮಿಷ ತಡವಾದ್ರೂ ಪರವಾಗಿಲ್ಲ. ನಿಮ್ಮತ್ತೇನೂ ಒಂದೆರಡು ಸಲ ಹೀಗೇ ಮಾಡಿದ್ದಳು," ಎಂದರು. ನಾನು ಚಹಾ ಕುಡಿಯದೆ ಎದ್ದು ಕಿಟಕಿ ತೆರೆದೆ.

ಹದಿನಾರನೆಯ ದಿನ ಬೆಳಿಗ್ಗೆ ಮತ್ತೆ ನಾಲ್ಕು ಹನಿ ಬಿತ್ತು. ಮಧ್ಯಾಹ್ನ ನಾನು ಬರುವಾಗ ಮಾವನವರ ತುಟಿ ನೀಲಿಗೆ ತಿರುಗಿತ್ತು. ಕ್ಲಿಪ್ಪು ಎಂಬತ್ತಾರು. ನಂಬಲಾಗದೆ ಅದನ್ನು ಇನ್ನೊಂದು ಬೆರಳಿಗೆ ಹಾಕಿ ನೋಡಿದೆ, ಅಷ್ಟೇ ಇತ್ತು. ಎಷ್ಟೋ ಜನರ ಎಂಬತ್ತಾರು ನೋಡಿದ್ದೇನೆ, ಅವರು ಯಾರೂ ನನ್ನನ್ನು ತಾಯಿ ಎಂದು ಕರೆಯುವವರಲ್ಲ. ಮೂಗಿಗೆ ಆಮ್ಲಜನಕದ ನಳಿಗೆ ಹಾಕಿ, ವೈದ್ಯರಿಗೆ ಹೇಳಿ, ಸಿಲಿಂಡರಿನ ಜೊತೆ ಬಾಡಿಗೆ ಕಾರು ತರಿಸಿದೆ. ಮಾವ ಈ ಸಲ ವಾದ ಮಾಡಲಿಲ್ಲ, "ಎರಡೂಕಾಲು ಆಯ್ತು, ನೋಡಿ ಬಾ" ಎಂದರು ಅಷ್ಟೆ.

ಕಿಟಕಿ ತೆರೆದೆ. ಮೂರನೇ ಗೆರೆಯ ನೇರಕ್ಕೆ, ನೆತ್ತಿಯಿಂದ ಎರಡು ಬೆರಳು ಕೆಳಗೆ, ಒಂದು ಎಳೆ ಎದ್ದಿತ್ತು.

ಮಂಜಿರಬೇಕು, ದೇವರೇ ಮಂಜಾಗಿರಲಿ ಎಂದುಕೊಂಡೆ. ಬಿಸಿಲು ಆ ಇಳಿಜಾರಿನ ಮೇಲೆ ಬಿತ್ತು. ತುದಿ ಚದುರಿತು, ಬಗ್ಗಿತು, ಹರಿಯಿತು. ಬುಡ ಮಾತ್ರ ಕದಲಲಿಲ್ಲ. ಬಣ್ಣದಲ್ಲಿ ತೆಳ್ಳಗೆ ನೀಲಿ ಇತ್ತು. ಹೊರಗೆ ಡ್ರೈವರ್ ಹಾರ್ನ್ ಹೊಡೆದ. ಮಾವನಿಗೆ ಹೇಳಿದರೆ ಎದ್ದು ಬಂದು ತಾವೇ ನೋಡದೆ ಬಿಡುವವರಲ್ಲ, ಈ ಉಸಿರಿನಲ್ಲಿ ಅವರು ಈ ಕಿಟಕಿಯವರೆಗೂ ಬರಲಾರರು. ಹಿತ್ತಲಿಗೆ ಹೋಗಿ ಗಂಡನಿಗೆ ಫೋನ್ ಮಾಡಿದೆ.

"ಅಪ್ಪ ನೋಡಿದ್ನಾ?" ಎಂದರು.

"ಇಲ್ಲ ರೀ, ನಾನು ನೋಡಿದ್ದು."

"ಬೆಳಿಗ್ಗೆ ಹನಿ ಬಿದ್ದಿದೆ. ಮಂಜಿರಬಹುದು."

"ಹನ್ನೆರಡು ನಿಮಿಷ ನೋಡಿದೀನಿ. ಬಿಸಿಲು ಬಿದ್ದ ಮೇಲೂ ಬುಡ ಬಿಟ್ಟಿಲ್ಲ. ಮೂರನೇ ಗೆರೆ, ಎರಡು ಬೆರಳು ಕೆಳಗೆ."

"ಯಾವ ಗೆರೆ?"

"ನಿಮ್ಮಮ್ಮ ಎಳೆದ ಗೆರೆ."

ಇನ್ನೊಂದು ಸಲ ಮಂಜಾದರೆ ಇವರ ಮರ್ಯಾದೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. "ಕಳಿಸ್ತೀನಿ," ಎಂದರು. "ಬೇಡ, ನಾನೇ ಹೋಗ್ತೀನಿ. ಅಪ್ಪಂದು ಎಷ್ಟು?"

"ಎಂಬತ್ತಾರು. ಈಗ್ಲೇ ಹೊರಟ್ವಿ."

ಕಾರು ಊರು ದಾಟುವವರೆಗೆ ಮಾವ ಕಣ್ಣು ಮುಚ್ಚಿಕೊಂಡಿದ್ದರು. ಅವರು ಕೇಳುವ ಮೊದಲೇ, "ಏನೂ ಇರಲಿಲ್ಲ ಮಾವ" ಎಂದೆ.

"ಎಷ್ಟನೇ ಗೆರೆ?"

ನಾನು ಸಿಲಿಂಡರಿನ ಮುಳ್ಳು ನೋಡತೊಡಗಿದೆ.

"ಐದು ನಿಮಿಷ ನೋಡೋಳು ಹನ್ನೆರಡು ನಿಮಿಷ ಕಿಟಕಿ ಮುಚ್ಚಲಿಲ್ಲ. ನನ್ನ ಎದೆ ಕೆಟ್ಟಿದೆ, ಕಿವಿ ಕೆಟ್ಟಿಲ್ಲ."

"ಮೂರನೇದು."

"ಬುಡ?"

"ಬಿಡಲಿಲ್ಲ."

"ಅವನಿಗೆ ಹೇಳಿದ್ಯಾ?"

"ಹೇಳಿದೆ. ಅವರೇ ಹೋಗಿದಾರೆ."

ಕಾರು ತಿರುಗಿಸು ಎನ್ನುತ್ತಾರೆಂದು ಕಾದೆ. ಅವರು ನನ್ನ ಕೈ ಹಿಡಿದುಕೊಂಡು ಸೀಟಿಗೆ ತಲೆ ಒರಗಿಸಿದರು. "ಹಾಗಾದ್ರೆ ಸರಿ, ನಡಿ," ಎಂದರು. ದಾರಿ ಸವೆದಂತೆ ಆಕಾಶ ತಿಳಿಯಾಯಿತು. ಕ್ಲಿಪ್ಪು ಎಂಬತ್ತೊಂಬತ್ತಕ್ಕೆ, ಆಮೇಲೆ ತೊಂಬತ್ತೆರಡಕ್ಕೆ ಏರಿತು. ಫೋನ್ ಮಾತ್ರ ಬರಲಿಲ್ಲ. ಮಾವ ಒಂದೇ ಸಮನೆ ಅದನ್ನೇ ನೋಡುತ್ತಿದ್ದರು, ನಾನೂ ನೋಡುತ್ತಿದ್ದೆ.

ಆರು ಗಂಟೆ ಸುಮಾರಿಗೆ ಅದು ಹೊಡೆದುಕೊಂಡಿತು. ಗಂಡನಿಗೆ ಏದುಸಿರು. "ಹಳೇ ಮರ, ಒಳಗೆಲ್ಲ ಟೊಳ್ಳು, ಕೆಂಡ ತುಂಬಿತ್ತು ಕಣೇ. ನಾಳೆ ಗಾಳಿ ಜೋರು ಅಂತ ಹೇಳಿದಾರೆ. ಒಂದು ದಿನ ಬಿಟ್ಟಿದ್ರೆ... ಆರಿಸಿದ್ವಿ. ಅಪ್ಪಂಗೆ ಕೊಡು."

ಮಾವ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗಿಟ್ಟುಕೊಂಡರು. ಗಂಡನ ದನಿ ನನಗೂ ಕೇಳುತ್ತಿತ್ತು.

"ಗೋಪುರ," ಎಂದರು ಅವರು. ಇನ್ನೊಮ್ಮೆ ಹೇಳಿದರು. "ಗೋಪುರ, ಇವತ್ತಿನ ಕಾವಲು ಮುಗೀತು. ಇಳೀಬಹುದು."

ಮಾವ ಸೀಟಿನಲ್ಲಿ ನೆಟ್ಟಗೆ ಕೂತರು. ನಾನು ಯಾವತ್ತೂ ಕೇಳಿರದ ಕಚೇರಿಯ ದನಿಯಲ್ಲಿ, ಒಂದೊಂದೇ ಪದಕ್ಕೆ ಉಸಿರು ತೆಗೆದುಕೊಳ್ಳುತ್ತ, "ಕೇಳಿಸ್ತು. ಗೋಪುರ ಇಳೀತಾ ಇದೆ," ಎಂದರು. ನನಗೆ ಅಳು ತಡೆಯಲಾಗಲಿಲ್ಲ. ಡ್ರೈವರ್ ಕನ್ನಡಿಯಲ್ಲಿ ನೋಡಿ ಗಾಬರಿಯಾದ.

ಮಾವ ಫೋನ್ ನನ್ನ ಕೈಗಿಟ್ಟು, ನಳಿಗೆ ಸರಿಮಾಡಿಕೊಂಡು, ಕಣ್ಣು ಮುಚ್ಚಿದರು. ನಿದ್ದೆ ಹೋದರು ಎಂದುಕೊಂಡೆ.

"ಇನ್ನೂ ಒಂದು ಮರ ಬಾಕಿ. ಐದು ದಿನ," ಎಂದರು ಕಣ್ಣು ಮುಚ್ಚಿಕೊಂಡೇ. "ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟ್ರೆ ಎರಡೂಕಾಲಕ್ಕೆ ಮನೇಲಿರ್ತೀಯ."

"ಇರ್ತೀನಿ ಮಾವ," ಎಂದೆ.